ಒಗಟು ಬಿಡಿಸುತ್ತ ಕನ್ನಡ ಕಲಿಯುವುದು: ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಒಂದು ನಿಧಿಬೇಟೆ

ಕರಾವಳಿಯಿಂದ ಘಟ್ಟ ಹತ್ತಿ ಹಾಸನ ಜಿಲ್ಲೆಯಲ್ಲಿ ಸೇವೆ ಸಲ್ಲಿಸುವ ಗುರುಗಳು, ಧರ್ಮಭಗಿನಿಯರು, ಶಿಕ್ಷಕರು, ದಾದಿಯರು ನಮ್ಮ ಓದುಗರಲ್ಲಿ ಇದ್ದಾರೆ. ಕೇರಳದಿಂದ, ಜಾರ್ಖಂಡ್‌ನಿಂದ, ಈಶಾನ್ಯ ರಾಜ್ಯಗಳಿಂದ ಬಂದು ಇಲ್ಲಿನ ಕಾನ್ವೆಂಟುಗಳಲ್ಲಿ ಇರುವವರೂ ಇದ್ದಾರೆ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಿಗೆ ಕೂಲಿಗೆ ಬಂದ ಹೊರರಾಜ್ಯದ ಕುಟುಂಬಗಳಲ್ಲಿ ಕ್ರೈಸ್ತರೂ ಇದ್ದಾರೆ. ಇವರೆಲ್ಲರಿಗೂ ಕನ್ನಡ ಬೇಕು. ಬಲಿಪೂಜೆಯ ಕನ್ನಡ ಪುಸ್ತಕದಲ್ಲಿ ಅಚ್ಚಾಗಿದೆ, ಅದನ್ನು ಓದಲು ಕಲಿತರೆ ಆಯಿತು. ಆದರೆ ಹಾಸಿಗೆ ಹಿಡಿದ ಅಜ್ಜಿಯೊಬ್ಬಳು ಮೆಲ್ಲನೆ ಹೇಳುವ ಮಾತು, ಪಾಪನಿವೇದನೆಯಲ್ಲಿ ಹಳ್ಳಿಯ ರೈತ ಬಿಕ್ಕುತ್ತ ಆಡುವ ಮಾತು ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ. ಅದು ಅರ್ಥವಾಗದಿದ್ದರೆ ಅಲ್ಲಿಗೆ ಹೋದದ್ದೇ ಅರ್ಧ ವ್ಯರ್ಥ.

ಹಾಸನ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಸ್ಥಾಪನೆಯಾದ ಧರ್ಮಪ್ರಾಂತ್ಯ ಅದು. ಘಟ್ಟದ ಕೆಳಗಿನ ನಮಗೂ ಅದಕ್ಕೂ ನಂಟು ಹಳೆಯದು. 2007ರಲ್ಲಿ ಮಂಗಳೂರು–ಹಾಸನ ನಡುವೆ ಪ್ರಯಾಣಿಕರ ರೈಲು ಮತ್ತೆ ಓಡತೊಡಗಿದ ಮೇಲೆ ಹೋಗಿಬರುವುದೂ ಸುಲಭವಾಗಿದೆ. ಇಲ್ಲಿ ನಾವು ವಿವರಿಸುವುದು ಭಾಷೆ ಕಲಿಯುವ ಒಂದು ಆಟ. ಒಗಟು ಬಿಡಿಸುತ್ತ ಊರಿಂದ ಊರಿಗೆ ಹೋಗುವ ನಿಧಿಬೇಟೆ. ಯೂರೋಪಿನಲ್ಲಿ ಇದರ ಒಂದು ರೂಪ ಜನಪ್ರಿಯವಾಗಿದೆ. ಹಾಸನ ಜಿಲ್ಲೆಯ ನಾಲ್ಕು ಪಟ್ಟಣಗಳು ಅದಕ್ಕಿಂತ ಚೆನ್ನಾಗಿ ಇದಕ್ಕೆ ಒದಗುತ್ತವೆ ಎಂಬುದು ನಮ್ಮ ಅಭಿಪ್ರಾಯ. ಉಪದೇಶಿಗಳು, ಯುವಜನ ಸಂಘದ ನಿರ್ದೇಶಕರು, ಕಾನ್ವೆಂಟಿನ ಮುಖ್ಯಸ್ಥರು ಬೇಕಾದಾಗ ತೆಗೆದು ನೋಡಲಿ ಎಂದು ವಿವರವಾಗಿಯೇ ಬರೆದಿದ್ದೇವೆ.

ಯೂರೋಪಿನ ಮಾದರಿ

ಜರ್ಮನಿಯ ಡಾಯ್ಚ ವೆಲ್ಲೆ, ಫ್ರಾನ್ಸಿನ ಆರ್.ಎಫ್.ಐ., ಪೋಲೆಂಡಿನ ಪೋಲ್ಸ್ಕಿಯೆ ರೇಡಿಯೊ ಎಂಬ ಮೂರು ಬಾನುಲಿ ಸಂಸ್ಥೆಗಳು ಸೇರಿ 'ಮಿಷನ್ ಯೂರೋಪ್' ಎಂಬ ಭಾಷಾ ಪಾಠಮಾಲೆ ರೂಪಿಸಿದವು. ಬರ್ಲಿನ್, ಪ್ಯಾರಿಸ್, ಕ್ರಾಕೌ ನಗರಗಳಿಗೆ ಒಂದೊಂದು ಕಥೆ, ಒಂದೊಂದಕ್ಕೆ 26 ಕಂತು, ಪ್ರತಿ ಕಂತು ಐದು ನಿಮಿಷ. ಬರ್ಲಿನ್ ಕಥೆಯಲ್ಲಿ ಅನ್ನಾ ಎಂಬ ಹುಡುಗಿ ಗಣಕಯಂತ್ರದ ಆಟದೊಳಗೆ ಇದ್ದಂತೆ ಬರ್ಲಿನ್ ನಗರದಲ್ಲಿ ಓಡಾಡುತ್ತಾಳೆ. ಅವಳಿಗೆ ಜರ್ಮನ್ ಬಾರದು. ಸುಳಿವುಗಳನ್ನು ಬಿಡಿಸಬೇಕು, ದಾರಿ ಕೇಳಬೇಕು, ಗೋಡೆ ಎದ್ದ 1961ಕ್ಕೂ ಅದು ಬಿದ್ದ 1989ಕ್ಕೂ ಹೋಗಬೇಕು. ಇರುವುದು 130 ನಿಮಿಷ, ಅಂದರೆ 26 ಕಂತಿನ ಒಟ್ಟು ಅವಧಿ. ಕೇಳುಗ ಅವಳ ಜೊತೆ ಸಾಗುತ್ತ ಅವಳು ಕಲಿತ ಮಾತನ್ನೇ ಕಲಿಯುತ್ತಾನೆ.

ಇದರ ಗುಟ್ಟು ಸರಳ. ಶಾಲೆಯ ಪಾಠದಲ್ಲಿ ಒಂದು ಶಬ್ದ ಮರೆತರೆ ಮೇಷ್ಟ್ರು ಮತ್ತೆ ಹೇಳುತ್ತಾರೆ. ಬೇಟೆಯಲ್ಲಿ ಆ ಶಬ್ದ ತಿಳಿಯದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ತಲೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಕೊರತೆಯೂ ಇದೆ. ಕೇಳುಗ ಕುಳಿತಿರುವುದು ತನ್ನ ಮನೆಯಲ್ಲೇ. ಬರ್ಲಿನ್ನಿನ ಮುದುಕನೊಬ್ಬನ ಎದುರು ನಿಂತು ತಡವರಿಸುವ ಕಷ್ಟ ಅವನಿಗಿಲ್ಲ, ಆ ಮುದುಕ ನಕ್ಕು ತಿದ್ದುವ ಲಾಭವೂ ಇಲ್ಲ. ಹಾಸನದ ಬೇಟೆಯನ್ನು ನಿಜವಾದ ಬೀದಿಯಲ್ಲಿ, ನಿಜವಾದ ಬಸ್ಸಿನಲ್ಲಿ ಮಾಡಬಹುದು.

ನಮ್ಮಲ್ಲಿ ಬಂದು ಕನ್ನಡ ಕಲಿತವರು

ಪರಭಾಷೆಯ ಮಿಷನರಿಗಳು ಕನ್ನಡ ಕಲಿತ ಕಥೆ ಈ ಸೀಮೆಗೆ ಹೊಸದಲ್ಲ. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ವ್ಯಾಕರಣ, ಶಬ್ದಕೋಶಗಳನ್ನು ಸಿದ್ಧಪಡಿಸಿದರು. 1799ರ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಆಬೆ ದ್ಯುಬುವಾ 1823ರವರೆಗೆ ಜನರ ನಡುವೆಯೇ ಇದ್ದರು. 1861ರಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಲ್ಯಾಟಿನ್–ಕನ್ನಡ ನಿಘಂಟು ಹೊರಬಂತು. ನಮ್ಮ ಮಂಗಳೂರಿನಲ್ಲೇ 1894ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟನ್ನು ಪ್ರಕಟಿಸಿತು. ಸುಮಾರು 70,000 ಶಬ್ದಗಳ ಆ ಗ್ರಂಥದಲ್ಲಿ ಪಂಡಿತರ ಮಾತಿನ ಪಕ್ಕದಲ್ಲೇ ಬೀದಿಯ ಗಾದೆಗಳೂ ಇವೆ. ಅವರಿಗೆ ಕಲಿಸಿದವರು ಪಂಡಿತರು ಮಾತ್ರವಲ್ಲ, ಅಡುಗೆಯವರೂ ಬಂಡಿ ಹೊಡೆಯುವವರೂ ಇದ್ದಿರಬೇಕು ಎಂದು ಆ ಗಾದೆಗಳನ್ನು ನೋಡಿದಾಗ ನಮಗೆ ಅನ್ನಿಸುತ್ತದೆ.

ಒಗಟಿನ ಸಲಕರಣೆ

ಕನ್ನಡದಲ್ಲಿ ಒಗಟು, ಒಡಪು, ಮುಂಡಿಗೆ ಎಂದು ಬೇರೆ ಬೇರೆ ಹೆಸರುಗಳಿವೆ. ಮನೆಯಂಗಳದಲ್ಲಿ ಅಜ್ಜಿ ಹಾಕುವುದು ಒಗಟು. ಉತ್ತರ ಕರ್ನಾಟಕದಲ್ಲಿ ಮದುಮಗಳು ಗಂಡನ ಹೆಸರು ಸೇರಿಸಿ ಹೇಳುವುದು ಒಡಪು. ಕನಕದಾಸರಂಥವರು ಹಾಡಿದ ಗೂಢಾರ್ಥದ ಪದ ಮುಂಡಿಗೆ. ತುಳುವಿನಲ್ಲಿ ಎದುರುಕತೆ ಎನ್ನುವುದು ನಮ್ಮ ಓದುಗರಿಗೆ ಗೊತ್ತೇ ಇದೆ. ಪವಿತ್ರ ಬೈಬಲಿನಲ್ಲೂ ಒಗಟು ಇದೆ. ನ್ಯಾಯಸ್ಥಾಪಕರ ಗ್ರಂಥದ 14ನೇ ಅಧ್ಯಾಯದಲ್ಲಿ ಸಂಸೋನನು ಮದುವೆಯ ಔತಣದಲ್ಲಿ ಒಗಟು ಹಾಕಿ ಮೂವತ್ತು ಜೊತೆ ಬಟ್ಟೆ ಪಣವಿಡುತ್ತಾನೆ. ಬಂದವರಿಗೆ ಬಿಡಿಸಲಾಗದೆ ಅವನ ಹೆಂಡತಿಯನ್ನು ಬೆದರಿಸಿ ಉತ್ತರ ತೆಗೆಯುತ್ತಾರೆ. ಆಟದಲ್ಲಿ ಮೋಸ ಅಂದಿನಿಂದಲೂ ಇದೆ!

ಭಾಷೆ ಕಲಿಯುವವನಿಗೆ ಒಗಟು ಯಾಕೆ ಒಳ್ಳೆಯದು? ಮೊದಲನೆಯದಾಗಿ, ಚಿಕ್ಕದು. ಎರಡನೆಯದಾಗಿ, ಅದರಲ್ಲಿ ಬರುವುದು ಮನೆ, ಹೊಲ, ಮೈ, ದನ, ಅಡುಗೆ ಇವುಗಳ ಶಬ್ದಗಳೇ. ಮೂರನೆಯದು ನಮಗೆ ಮುಖ್ಯವೆನಿಸುತ್ತದೆ. ಕನ್ನಡದಲ್ಲಿ ಹೊರಗಿನವರಿಗೆ ತೊಡಕಾಗುವ 'ಇಲ್ಲದೆ', 'ಆದರೂ', 'ಬಾರದು', 'ತೀರದು' ಎಂಬ ರೂಪಗಳ ಮೇಲೆಯೇ ಒಗಟು ನಿಂತಿರುತ್ತದೆ. ಈ ಲೇಖನಕ್ಕಾಗಿ ನಾವೇ ಕಟ್ಟಿದ ಒಂದೆರಡನ್ನು ನೋಡಿ.

ಹೊಟ್ಟೆ ತುಂಬ ಜನ, ಆದರೂ ಹಸಿವು ತೀರದು. ಊರು ಬಂದರೆ ಮತ್ತೆ ಬಾಯಿ ತೆರೆಯುವುದು. (ಬಸ್ಸು)

ಮಣ್ಣೊಳಗೆ ಬೆಳೆದ ಮಗುವಿಗೆ ಮೈತುಂಬ ಕಣ್ಣು. ನೋಡಲು ಮಾತ್ರ ಬಾರದು. (ಆಲೂಗಡ್ಡೆ)

ನಾಲಿಗೆಯೂ ಒಂದೇ, ಮಾತೂ ಒಂದೇ. ಕೇಳಿದವರೆಲ್ಲ ಎದ್ದು ಹೊರಡುತ್ತಾರೆ. (ಇಗರ್ಜಿಯ ಗಂಟೆ)

ಎರಡನೆಯದನ್ನು ಹಾಸನದ ತರಕಾರಿ ಮಾರುಕಟ್ಟೆಯಲ್ಲಿ ಕೇಳಿದರೆ ತಕ್ಷಣ ಉತ್ತರ ಸಿಗುತ್ತದೆ. ಈ ಜಿಲ್ಲೆ ಆಲೂಗಡ್ಡೆಗೆ ಹೆಸರಾದದ್ದು. ಬಿತ್ತನೆ ಗಡ್ಡೆಯನ್ನು 'ಕಣ್ಣು' ನೋಡಿ ಕತ್ತರಿಸುವುದು ರೈತರಿಗೆ ದಿನದ ಕೆಲಸ. ಕಲಿಯುವವನಿಗೆ 'ಕಣ್ಣು' ಎಂಬ ಶಬ್ದಕ್ಕೆ ಹೊಸ ಅರ್ಥವೊಂದು ಅಲ್ಲೇ ಸಿಕ್ಕಿತು.

ಕರಾವಳಿಯ ಕನ್ನಡ, ಹಾಸನದ ಕನ್ನಡ

ನಮಗೆ ಕನ್ನಡ ಬರುತ್ತದೆ, ನಮಗೇಕೆ ಈ ಆಟ ಎಂದು ಕರಾವಳಿಯವರು ಕೇಳಬಹುದು. ನಮ್ಮದು ಶಾಲೆಯಲ್ಲಿ ಕಲಿತ ಕನ್ನಡ. ಮನೆಯಲ್ಲಿ ಕೊಂಕಣಿ ಅಥವಾ ತುಳು, ಪುಸ್ತಕದಲ್ಲಿ ಕನ್ನಡ. ಹಾಗಾಗಿ ನಾವು 'ಹೋಗುತ್ತೇನೆ' ಎಂದು ಬರೆದಂತೆಯೇ ಆಡುತ್ತೇವೆ. ಹಾಸನದ ಹಳ್ಳಿಯಲ್ಲಿ ಅದು 'ಓಯ್ತೀನಿ' ಆಗುತ್ತದೆ. 'ಬರುತ್ತೇನೆ' ಎನ್ನುವುದು 'ಬತ್ತೀನಿ'. ಹೇಗೆ ಎನ್ನುವುದು 'ಎಂಗೆ', ಹಾಗೆ ಎನ್ನುವುದು 'ಅಂಗೆ'.

ಹಳೇ ಮೈಸೂರಿನ ಹಳ್ಳಿಮಾತಿನಲ್ಲಿ ಶಬ್ದದ ಮೊದಲ 'ಹ'ಕಾರ ಬಿದ್ದುಹೋಗುತ್ತದೆ. ಹಾಲು 'ಆಲು', ಹೂವು 'ಊವು', ಹೊಲ 'ಒಲ', ಹೊಳೆ 'ಒಳೆ', ಹೊಟ್ಟೆ 'ಒಟ್ಟೆ'. ಜಿಲ್ಲೆಯ ಹೆಸರೇ 'ಆಸನ'. ಹುಷಾರಿಲ್ಲ ಎನ್ನುವುದು 'ಉಸಾರಿಲ್ಲ'. ನಿಘಂಟಿನಲ್ಲಿ 'ಒ' ಅಕ್ಷರದ ಕೆಳಗೆ ಹುಡುಕಿದರೆ ಈ ಶಬ್ದಗಳು ಸಿಗವು, ಕಿವಿಯಿಂದಲೇ ಕಲಿಯಬೇಕು. 'ಒಟ್ಟೆ ನೋವು' ಎಂದು ರೋಗಿ ಹೇಳಿದಾಗ ಹೊಸದಾಗಿ ಬಂದ ದಾದಿ ಎರಡು ಬಾರಿ ಕೇಳುವಂತಾದರೆ ರೋಗಿ ಮೂರನೆಯ ಬಾರಿ ಹೇಳುವುದನ್ನೇ ಬಿಡುತ್ತಾರೆ. ನ್ಯಾಯಸ್ಥಾಪಕರ ಗ್ರಂಥದ 12ನೇ ಅಧ್ಯಾಯದಲ್ಲಿ ಒಂದು ಶಬ್ದದ ಮೊದಲಕ್ಷರವನ್ನು ಉಚ್ಚರಿಸಲಾಗದವರನ್ನು ಯೋರ್ದಾನಿನ ಕಡವಿನಲ್ಲಿ ಗುರುತಿಸಿ ಕೊಂದ ಸಂಗತಿ ಇದೆ. ಉಚ್ಚಾರಣೆಯಿಂದ ಮನುಷ್ಯರನ್ನು ಅಳೆಯುವ ಚಾಳಿ ಅಷ್ಟು ಹಳೆಯದು. 'ಆಲು' ಎಂದವರನ್ನು ನೋಡಿ ನಗಬಾರದು ಎಂದು ತಂಡಕ್ಕೆ ಮೊದಲೇ ತಿಳಿಹೇಳುವುದು ಅಗತ್ಯ.

ಅಡುಗೆಮನೆಯಲ್ಲೂ ಎಡವುವ ಜಾಗಗಳಿವೆ. ಮಂಗಳೂರಿನಲ್ಲಿ ಬೊಂಡ ಎಂದರೆ ಎಳನೀರು. ಹಾಸನದ ಬಸ್ ನಿಲ್ದಾಣದಲ್ಲಿ ಬೊಂಡ ಕೇಳಿದರೆ ಎಣ್ಣೆಯಲ್ಲಿ ಕರಿದ ತಿಂಡಿ ಬರುತ್ತದೆ. ನಮಗೆ ಹಿಟ್ಟು ಎಂದರೆ ದೋಸೆಗೆ ರುಬ್ಬಿದ್ದು ಅಥವಾ ಗಿರಣಿಯಲ್ಲಿ ಬೀಸಿದ್ದು. ಅಲ್ಲಿ 'ಇಟ್ಟು ಉಂಡ್ರಾ?' ಎಂದು ಕೇಳಿದರೆ ರಾಗಿಮುದ್ದೆ ಊಟ ಆಯಿತೇ ಎಂದು ಅರ್ಥ. ಬಚ್ಚಂಗಾಯಿ ಎಂದರೆ ಯಾರಿಗೂ ತಿಳಿಯದು, ಕಲ್ಲಂಗಡಿ ಎನ್ನಬೇಕು. ಬಸ್ಸಾರು, ಉಪ್ಸಾರು ನಮ್ಮ ಅಡುಗೆಯಲ್ಲಿ ಇಲ್ಲ. ಮುದ್ದೆಯ ಒಗಟೊಂದನ್ನು ತಂಡಕ್ಕೆ ಕೊಡಬಹುದು: ಕೈಯೊಳಗೆ ಉರುಳುವುದು, ಹಲ್ಲಿಗೆ ಕೆಲಸವಿಲ್ಲ, ಸಾರಿನ ಜೊತೆಯಿಲ್ಲದೆ ಗಂಟಲಿಗೆ ಇಳಿಯದು. ಇದಕ್ಕೆ ಉತ್ತರ ಹೇಳಿದರೆ ಸಾಲದು, ಉಂಡು ಬರಬೇಕು.

ಕರೆಯುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ನಮ್ಮ 'ಮಾರಾಯ್ರೆ' ಅಲ್ಲಿ 'ಕಣ್ರೀ'. ಹಿರಿಯ ಹೆಂಗಸನ್ನು 'ಅವ್ವ', 'ಅಜ್ಜಿ', ನಡುವಯಸ್ಸಿನವರನ್ನು 'ಅಕ್ಕ', ಗಂಡಸರನ್ನು 'ಅಣ್ಣ', 'ಯಜಮಾನ್ರೇ' ಎನ್ನಬಹುದು. ಊರವರು ತಮ್ಮತಮ್ಮಲ್ಲಿ ಪ್ರೀತಿಯಿಂದ ಏಕವಚನ ಬಳಸುತ್ತಾರೆ. ಹೊರಗಿನಿಂದ ಬಂದವರು ಅದನ್ನು ಅನುಕರಿಸಬಾರದು. 'ನೀವು' ಎಂದೇ ಆರಂಭಿಸಬೇಕು.

ದಾರಿ ಮತ್ತು ಸುಳಿವುಗಳು

ಹಾಸನದಿಂದ ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ, ಅಲ್ಲಿಂದ ಚನ್ನರಾಯಪಟ್ಟಣ, ಕೊನೆಗೆ ಮತ್ತೆ ಹಾಸನ. ಒಂದೊಂದು ದಾರಿಯೂ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯದು. ಎರಡು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಹೊಳೆನರಸೀಪುರ ಹಾಸನ–ಮೈಸೂರು ರೈಲು ಮಾರ್ಗದಲ್ಲಿದೆ. ಚನ್ನರಾಯಪಟ್ಟಣ 2017ರಲ್ಲಿ ಪೂರ್ಣವಾಗಿ ತೆರೆದ ಹಾಸನ–ಬೆಂಗಳೂರು ಮಾರ್ಗದಲ್ಲಿದೆ. ಅರಕಲಗೂಡಿಗೆ ರೈಲಿಲ್ಲ, ಬಸ್ಸೇ ಗತಿ. ಬಸ್ಸಿನಲ್ಲಿ ಪಕ್ಕದವರು ಮಾತಾಡುತ್ತಾರೆ, ಹಾಗಾಗಿ ಈ ಆಟಕ್ಕೆ ಬಸ್ಸೇ ಮೇಲು.

ಹಾಸನದ ಮೊದಲ ಸುಳಿವು ಊರಿನ ಹೆಸರಿನ ಮೇಲೆ ಇರಲಿ. ವರ್ಷವೆಲ್ಲ ಮುಚ್ಚಿದ ಬಾಗಿಲು, ಕೆಲವೇ ದಿನ ತೆರೆಯುವುದು. ಒಳಗಿರುವವಳ ಹೆಸರಿನಲ್ಲಿ ನಗು. ಉತ್ತರ ಹಾಸನಾಂಬ ದೇವಾಲಯ. ಆಶ್ವಯುಜದಲ್ಲಿ ದೀಪಾವಳಿಯ ಸುಮಾರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ನಗುಮುಖದ ತಾಯಿ ಎಂಬ ಅರ್ಥದಿಂದ ಊರಿಗೆ ಹೆಸರು ಬಂತೆಂದು ಕೆಲವರು, ಸಿಂಹಾಸನಪುರ ಎಂಬುದರಿಂದ ಎಂದು ಇನ್ನು ಕೆಲವರು ಹೇಳುತ್ತಾರೆ. ತಂಡದವರು ಮೂರು ಜನರನ್ನು ಕೇಳಿ, ಯಾರು ಯಾವ ಕಥೆ ಹೇಳಿದರು ಎಂದು ಕನ್ನಡದಲ್ಲೇ ಬರೆದು ತರಬೇಕು. 'ಅಂತೆ' ಎಂಬ ಪ್ರತ್ಯಯ ಇಲ್ಲಿ ತಾನಾಗಿ ಬರುತ್ತದೆ. 'ಬಂತಂತೆ', 'ಇತ್ತಂತೆ', 'ಹೇಳ್ತಾರಂತೆ' ಎಂದು ಮೂರು ಸಲ ಕೇಳಿದ ಮೇಲೆ ಅದನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಅರಕಲಗೂಡಿಗೆ ಕಳಿಸುವ ಸುಳಿವನ್ನು ಕಟ್ಟುವುದು ನಮಗೆ ಬಹಳ ಸಂತೋಷ ಕೊಟ್ಟಿತು. ಹಗಲೆಲ್ಲ ಬಾನಿನಲ್ಲಿ ಅಲೆಯುವ ಹಕ್ಕಿಗೆ ರೆಕ್ಕೆಯಿಲ್ಲ. ಆದರೂ ಅದಕ್ಕೊಂದು ಗೂಡಿದೆ, ಆ ಗೂಡಿಗೆ ಬಸ್ಸಿದೆ. ಅರ್ಕ ಎಂದರೆ ಸೂರ್ಯ. ಸೂರ್ಯನ ಗೂಡೇ ಅರಕಲಗೂಡು ಎಂದು ಸ್ಥಳಪುರಾಣ. ಗೌತಮ ಋಷಿ ಇಲ್ಲಿ ತಪಸ್ಸು ಮಾಡಿ ಅರ್ಕೇಶ್ವರನನ್ನು ಸ್ಥಾಪಿಸಿದನೆಂಬ ನಂಬಿಕೆ ಇದೆ. ಈಗಿನ ಪಟ್ಟಣವನ್ನು ಸುಮಾರು 1568ರಲ್ಲಿ ಐಗೂರಿನ ಪಾಳೆಯಗಾರ ಕೃಷ್ಣಪ್ಪ ನಾಯಕ ಕಟ್ಟಿಸಿದ.

ಅದೇ ಊರಿನಲ್ಲಿ ಎರಡನೆಯ ಸುಳಿವು: ಕಾದಂಬರಿಕಾರರೊಬ್ಬರನ್ನು ನಾಡೆಲ್ಲ ಮೂರು ಅಕ್ಷರದಿಂದ ಕರೆಯಿತು, ಮೊದಲ ಅಕ್ಷರ ಬಿಡಿಸಿದರೆ ನೀವು ನಿಂತಿರುವ ನೆಲ. ಉತ್ತರ ಅ.ನ.ಕೃ., ಅಂದರೆ ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ (1908–1971). ಕರಾವಳಿಯ ಕ್ರೈಸ್ತರಾದ ನಮಗೆ ಡಿಸೋಜ, ಪಿಂಟೊ, ಲೋಬೊ ಎಂಬ ಮನೆತನದ ಹೆಸರು ಕೊನೆಯಲ್ಲಿ ಬರುತ್ತದೆ. ಘಟ್ಟದ ಮೇಲೆ ಊರು ಮತ್ತು ತಂದೆಯ ಹೆಸರು ಮುಂದೆ ಬರುತ್ತವೆ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಎಚ್ ಎಂದರೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ, ಡಿ ಎಂದರೆ ತಂದೆ ದೊಡ್ಡೇಗೌಡರು. ಧರ್ಮಕೇಂದ್ರದ ದಾಖಲೆ ಪುಸ್ತಕ ಬರೆಯುವವರಿಗೆ ಇದು ಆಟವಲ್ಲ. ಇನಿಷಿಯಲ್ಲನ್ನು ಮನೆತನದ ಹೆಸರೆಂದು ತಿಳಿದು ಜ್ಞಾನಸ್ನಾನದ ದಾಖಲೆಯಲ್ಲಿ ಬರೆದರೆ ಮುಂದೆ ಮದುವೆಯ ಸಮಯದಲ್ಲಿ ಹೆಸರು ಹೊಂದದೆ ಆ ಕುಟುಂಬ ಅಲೆದಾಡಬೇಕಾಗುತ್ತದೆ.

ಇದೇ ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿನ ಸಂಕೇತಿ ಮನೆಗಳಲ್ಲಿ ಆಡುವ ಮಾತು ತಮಿಳು, ಮಲಯಾಳ, ಕನ್ನಡಗಳು ಬೆರೆತ ಬೇರೆಯೇ ಒಂದು ಭಾಷೆ, ಹೊಸ್ತಿಲು ದಾಟಿದರೆ ಕನ್ನಡ. ಕೊಂಕಣಿ ಮಾತೃಭಾಷೆಯವರಿಗೆ ಇದು ಪರಿಚಿತ ಬದುಕು. ಸಮಯವಿದ್ದರೆ ಹೋಗಿ ಬರಬಹುದು.

ಹೊಳೆನರಸೀಪುರದ ಸುಳಿವಿನಲ್ಲಿ ಒಂದು ಸಣ್ಣ ಬಲೆ ಇರಲಿ. ನರಸೀಪುರ ಎರಡು, ಒಂದಕ್ಕೆ ಕೂಡುವ ನೀರು, ಇನ್ನೊಂದಕ್ಕೆ ಒಂಟಿ ಹೊಳೆ, ಒಂಟಿ ಹೊಳೆಯ ಊರಿಗೆ ಟಿಕೆಟು ತೆಗೆಯಿರಿ. ಕಾವೇರಿ, ಕಪಿಲೆ ಕೂಡುವುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಹೇಮಾವತಿ ದಂಡೆಯ ಮೇಲಿನದು ಹೊಳೆನರಸೀಪುರ. ಹೊಸಬರು ಮೈಸೂರಿನ ನಿಲ್ದಾಣದಲ್ಲಿ ಬರೀ 'ನರಸೀಪುರ' ಎಂದು ಕೇಳಿದರೆ ತಪ್ಪು ಬಸ್ಸು ಹತ್ತುವ ಸಂಭವ ಇದ್ದೇ ಇದೆ. ಇಲ್ಲಿ ಹೊಳೆಯ ಸುತ್ತಮುತ್ತ ಹತ್ತು ಶಬ್ದ ಸಂಗ್ರಹಿಸುವ ಕೆಲಸ ಕೊಟ್ಟರೆ ಸಾಕು: ದಂಡೆ, ಸೆಳೆತ, ಮಡು, ಕಾಲುವೆ, ತೂಬು ಹೀಗೆ. ನೀರಿಗೆ ಇಳಿಯಲು ಬಿಡಬಾರದು.

ಇಲ್ಲಿಂದ ಚನ್ನರಾಯಪಟ್ಟಣಕ್ಕೆ ದಾರಿ ತೋರಿಸುವುದು ಇತಿಹಾಸ. ಚನ್ನರಾಯಪಟ್ಟಣದ ಹಿಂದಿನ ಹೆಸರು ಕೊಳತ್ತೂರು. ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಅದನ್ನು ವಶಪಡಿಸಿಕೊಂಡು ಮಗ ಚನ್ನರಾಯನಿಗೆ ಜಹಗೀರಾಗಿ ಕೊಟ್ಟ. ಮಗನಿಗೆ ವಿಷ್ಣುವಿನ ಹೆಸರು, ಊರಿಗೂ ಅದೇ ಹೆಸರು. ಸುಳಿವು ಹೀಗಿರಬಹುದು: ಈ ಊರಿನ ಅಪ್ಪ ಇನ್ನೊಂದು ಊರು ಗೆದ್ದ, ಮಗನ ಹೆಸರು ಉಳಿಯಿತು, ಗೆದ್ದವನ ಹೆಸರು ಮರೆಯಿತು. ಉತ್ತರಕ್ಕೆ ಹೊಳೆನರಸೀಪುರದಲ್ಲಿ ಹಿರಿಯರನ್ನೋ ಶಾಲೆಯ ಮೇಷ್ಟ್ರನ್ನೋ ಕೇಳಬೇಕಾದೀತು. ಕೇಳಲಿ ಎಂದೇ ಇದನ್ನು ಇಟ್ಟಿರುವುದು.

ನಿಧಿ ಎಲ್ಲಿದೆ?

ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳ ಇದೆ. ಬೆಳಗೊಳ ಎಂದರೆ ಬಿಳಿಯ ಕೊಳ. ಅಲ್ಲಿನ ಬೆಟ್ಟದ ಮೇಲೆ 10ನೇ ಶತಮಾನದ ಕೊನೆಯ ಭಾಗದಲ್ಲಿ ಗಂಗರ ಮಂತ್ರಿ ಚಾವುಂಡರಾಯ ಗೊಮ್ಮಟನ ಏಕಶಿಲಾ ವಿಗ್ರಹವನ್ನು ಮಾಡಿಸಿದ. ವಿಗ್ರಹದ ಪಾದದ ಇಕ್ಕೆಲಗಳಲ್ಲಿ ಚಿಕ್ಕ ಬರಹಗಳಿವೆ. ಚಾವುಂಡರಾಯ ಇದನ್ನು ಮಾಡಿಸಿದ ಎಂಬ ಒಂದೇ ಮಾತು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ನಾಗರಿ ಲಿಪಿಯಲ್ಲಿ ಇನ್ನೊಂದು ಭಾಷೆಯಲ್ಲೂ ಇದೆ. ಆ ಮೂರನೆಯದನ್ನು ಮರಾಠಿಯ ಆದಿ ಬರಹಗಳಲ್ಲಿ ಒಂದೆಂದು ಮರಾಠಿಗರು ಹೇಳುತ್ತಾರೆ, ಕೊಂಕಣಿಯದೆಂದು ಕೊಂಕಣಿಯ ಅಭಿಮಾನಿಗಳು ವಾದಿಸುತ್ತಾರೆ. ವಿಗ್ರಹದ ಸುತ್ತಲಿನ ಆವರಣವನ್ನು ಹೊಯ್ಸಳರ ದಂಡನಾಯಕ ಗಂಗರಾಜ ಕಟ್ಟಿಸಿದ ವಿಷಯವೂ ಅಲ್ಲಿ ದಾಖಲಾಗಿದೆ. ಅದು 12ನೇ ಶತಮಾನದ್ದು.

ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಆಡುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ನಿಧಿ ಬೇರೆ ಬೇಕಿಲ್ಲ. ಬೇರೆ ಬೇರೆ ಮಾತಿನ ಯಾತ್ರಿಕರು ಬರುತ್ತಾರೆಂದು ತಿಳಿದು ಅವರವರಿಗೆ ಓದಲು ಬರುವಂತೆ ಬರೆಸಿದ್ದು ಎಂದು ನಾವು ಊಹಿಸುತ್ತೇವೆ.

ವ್ಯಾಕರಣದ ನಿಧಿಯೂ ಅಲ್ಲೇ ಇದೆ. ಕನ್ನಡ ಬರಹದ ಕ್ರಿಯಾಪದ 'ಮಾಡಿಸಿದಂ', 'ಮಾಡಿದಂ' ಅಲ್ಲ. ಉಳಿ ಹಿಡಿದವನು ಶಿಲ್ಪಿ, ಹಿಡಿಸಿದವನು ಚಾವುಂಡರಾಯ. ಕಲಿತ–ಕಲ್ಪಿಸಿದ ಎಂಬಂಥ ಮೇಲುನೋಟದ ಹೋಲಿಕೆಗೆ ಮೋಸಹೋಗದೆ ಓದಿದ–ಓದಿಸಿದ, ಕಟ್ಟಿದ–ಕಟ್ಟಿಸಿದ ಎಂದು ತಂಡದವರು ಜೋಡಿ ಹುಡುಕಬೇಕು. ಚರ್ಚಿನ ಕೆಲಸದಲ್ಲಿ ಈ 'ಇಸು' ದಿನಕ್ಕೆ ಹತ್ತು ಸಲ ಬರುತ್ತದೆ. ಮಗುವಿಗೆ ಜ್ಞಾನಸ್ನಾನ ಮಾಡುವವರು ಗುರುಗಳು, ಮಾಡಿಸುವವರು ತಂದೆತಾಯಿ. 'ಅಪ್ಪನ ಹೆಸರಲ್ಲಿ ಒಂದು ಪೂಜೆ ಮಾಡಿಸ್ಬೇಕಿತ್ತು ಫಾದರ್' ಎಂದು ಭಕ್ತರು ಬಂದು ನಿಂತರೆ, 'ಬೇಕಿತ್ತು' ಎಂಬುದು ಭೂತಕಾಲವಲ್ಲ, ವಿನಯ. ಮುಗಿದುಹೋದ ಪೂಜೆಯ ಮಾತಾಡುತ್ತಿದ್ದಾರೆಂದು ತಿಳಿದು ತಲೆಯಾಡಿಸಿ ಕಳಿಸಿಬಿಟ್ಟರೆ ಅವರು ಇನ್ನೊಮ್ಮೆ ಕೇಳಲು ಬಾರದೆಯೂ ಇರಬಹುದು.

ನಡೆಸುವವರ ಗಮನಕ್ಕೆ

ತಂಡದಲ್ಲಿ ಮೂವರು ಸಾಕು. ಒಬ್ಬರು ಹೊಸಬರು, ಒಬ್ಬರು ಅಲ್ಪಸ್ವಲ್ಪ ಬಲ್ಲವರು, ಮೂರನೆಯವರು ಸ್ಥಳೀಯ ಧರ್ಮಕೇಂದ್ರದ ಯುವಕ ಅಥವಾ ಯುವತಿ. ಸ್ಥಳೀಯರು ಜೊತೆಗಿರಬೇಕು, ಆದರೆ ಅಪಾಯವಿಲ್ಲದ ಹೊರತು ಬಾಯಿ ತೆರೆಯಬಾರದು. ಇದು ಅವರಿಗೆ ಕಷ್ಟದ ಶಿಕ್ಷೆ. ಮೊಬೈಲಿನಲ್ಲಿ ಅನುವಾದ, ನಕ್ಷೆ ಎರಡೂ ನಿಷಿದ್ಧ. ಕರೆ ಮಾಡಲು ಮಾತ್ರ ಇಟ್ಟುಕೊಳ್ಳಬಹುದು. ಇಂಗ್ಲಿಷ್ ಬಲ್ಲ ಅಂಗಡಿಯವರನ್ನು ಹುಡುಕಿ ಉತ್ತರ ಪಡೆದರೆ ಅದು ಸಂಸೋನನ ಹೆಂಡತಿಯಿಂದ ಉತ್ತರ ತೆಗೆದಂತೆಯೇ, ಅಂಕ ಕೊಡಬೇಡಿ.

ಬೇಗ ಮುಗಿಸಿದ ತಂಡಕ್ಕೆ ಬಹುಮಾನ ಇಡುವುದನ್ನು ನಾವು ಒಪ್ಪುವುದಿಲ್ಲ. ಓಡುವವನು ಯಾರ ಜೊತೆಗೂ ಮಾತಾಡುವುದಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಒಂದು ಪುಸ್ತಕ ಇರಲಿ. ಹೊಸ ಶಬ್ದ, ಅದನ್ನು ಕೇಳಿದ ಜಾಗ, ಹೇಳಿದವರು ಹೂ ಮಾರುವವರೋ ಕಂಡಕ್ಟರೋ ಎಂಬುದನ್ನು ಅದರಲ್ಲಿ ಬರೆಯಬೇಕು. ಅಂಕ ಆ ಪುಸ್ತಕಕ್ಕೆ. ಕನ್ನಡ ಅಕ್ಷರ ಇನ್ನೂ ಬಾರದವರು ತಮ್ಮ ಲಿಪಿಯಲ್ಲಿ ಬರೆದುಕೊಂಡು ಸಂಜೆ ಸ್ಥಳೀಯರ ಸಹಾಯದಿಂದ ಕನ್ನಡಕ್ಕೆ ಇಳಿಸಲಿ.

ಬೇರೆ ಧರ್ಮದವರ ಪೂಜಾಸ್ಥಳಗಳು ನಮ್ಮ ಆಟದ ಮೈದಾನವಲ್ಲ. ಹಾಸನಾಂಬ, ಅರ್ಕೇಶ್ವರ ಸುಳಿವುಗಳಿಗೆ ಉತ್ತರ ಬೀದಿಯಲ್ಲೇ ಸಿಗುತ್ತದೆ, ಒಳಗೆ ಓಡಾಡಿ ಚೀಟಿ ಹುಡುಕುವ ಅಗತ್ಯವಿಲ್ಲ. ಶ್ರವಣಬೆಳಗೊಳದಲ್ಲಿ ಬರಿಗಾಲಿನಲ್ಲಿ, ಮೌನವಾಗಿ ಬೆಟ್ಟ ಹತ್ತಬೇಕು. 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಸುಡುತ್ತದೆ. ಹಾಸನದ ಸಮೀಪದ ಶೆಟ್ಟಿಹಳ್ಳಿ ಇಗರ್ಜಿಯನ್ನೂ ಸೇರಿಸಬೇಕೆಂದು ಕೆಲವರಿಗೆ ಅನ್ನಿಸಬಹುದು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ದೇವಾಲಯ ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ನೀರಿನಲ್ಲಿ ನಿಲ್ಲುತ್ತದೆ. ದೂರದಿಂದ ನೋಡಿ ಪ್ರಾರ್ಥಿಸಿ ಬರಬಹುದು. ಶಿಥಿಲ ಗೋಡೆಗಳ ಅಡಿಯಲ್ಲಿ ಮಕ್ಕಳನ್ನು ಸುಳಿವು ಹುಡುಕಲು ಬಿಡುವುದು ಸಲ್ಲದು.

ಈ ಆಟ ವ್ಯಾಕರಣದ ಬದಲಿಗೆ ಅಲ್ಲ. ಅಕ್ಷರ, ವಾಚನ, ಪೂಜಾವಿಧಿಯ ಕನ್ನಡ ಕುಳಿತೇ ಕಲಿಯಬೇಕು. 1969ರಲ್ಲಿ ಆರಂಭವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಬೇರೆ ರಾಜ್ಯಗಳ ಶಿಕ್ಷಕರಿಗೆ ಹತ್ತು ತಿಂಗಳ ತರಬೇತಿ ನೀಡುತ್ತ ಬಂದಿದೆ. ಕೆಲವು ತಿಂಗಳು ಪಾಠವಾದ ಮೇಲೆ ಬೇಟೆಗೆ ಹೊರಟರೆ ಫಲ ಹೆಚ್ಚು. ಒಂದು ಶಬ್ದವೂ ಬಾರದವರನ್ನು ಮೊದಲ ವಾರವೇ ಬಸ್ಸು ಹತ್ತಿಸಿದರೆ ಹೆದರಿಕೆಯೇ ಉಳಿಯುತ್ತದೆ.

ಎರಡನೆಯ ದಿನ ಹಾಸನಕ್ಕೆ ಮರಳಿದ ಮೇಲೆ ಇನ್ನೊಂದು ಕೆಲಸ ಇಟ್ಟುಕೊಳ್ಳಿ. ಧರ್ಮಕೇಂದ್ರದ ವೃದ್ಧರು, ಹಾಸಿಗೆ ಹಿಡಿದವರು ಇರುವ ಮನೆಗಳಿಗೆ ಒಂದೊಂದು ತಂಡ ಹೋಗಲಿ. ಮನೆಯವರ ಒಪ್ಪಿಗೆ ಮೊದಲೇ ಪಡೆದಿರಬೇಕು. ಅಲ್ಲಿ ಚೀಟಿ ಇಲ್ಲ, ಸುಳಿವಿಲ್ಲ. 'ಅಜ್ಜಿ, ನಿಮ್ಗೆ ಗೊತ್ತಿರೋ ಒಂದು ಒಗಟು ಹೇಳಿ' ಎಂದು ಕೇಳಬೇಕು, ಉತ್ತರ ಗೊತ್ತಾಗದಿದ್ದರೆ ಸೋತೆವೆಂದು ಒಪ್ಪಿಕೊಳ್ಳಬೇಕು. ಸೋತವರ ಹತ್ತಿರ ಹಿರಿಯರು ಹೆಚ್ಚು ಹೊತ್ತು ಮಾತಾಡುತ್ತಾರೆ. ಆ ಒಗಟನ್ನೂ ಉತ್ತರವನ್ನೂ ಹೇಳಿದ ಹಾಗೆಯೇ, ಬಿದ್ದ 'ಹ'ಕಾರವನ್ನು ಎತ್ತಿ ಕೂರಿಸದೆ, ಪುಸ್ತಕದಲ್ಲಿ ಬರೆದು ಧರ್ಮಕೇಂದ್ರದ ಕಚೇರಿಯಲ್ಲಿ ಇಡಿ. ಮುಂದಿನ ವರ್ಷ ಹೊಸದಾಗಿ ಬರುವ ಸಿಸ್ಟರಿಗೋ ಗುರುಗಳಿಗೋ ಅದೇ ಮೊದಲ ಪಾಠಪುಸ್ತಕವಾಗಲಿ.